ಮೊದಲು ಕಿವಿಗೆ ಪಾಠ, ಬಾಯಿಗೆ ಆಮೇಲೆ

ಗಂಗಾವತಿ ಹತ್ತಿರದ ಹಳ್ಳಿಯಿಂದ ಅಂಗನವಾಡಿ ಅಕ್ಕೋರೊಬ್ಬರು ಬರೆದಿದ್ದಾರೆ: “ನಮ್ಮ ಕೇಂದ್ರದ ಮಗ್ಗುಲಲ್ಲೇ ರೈಸ್ ಮಿಲ್ ಇದೆ. ಮಕ್ಕಳು ಏನು ಹೇಳಿದರೂ ಒದರಿಯೇ ಹೇಳುತ್ತಾರೆ. ಜೋರು ಯಾವುದು, ಮೆಲ್ಲಗಿನದು ಯಾವುದು ಅಂತ ಕಲಿಸೋಕೆ ಹೋದರೆ ಎಲ್ಲದಕ್ಕೂ ‘ಜೋರು’ ಅಂತಾರೆ. ಒಬ್ಬ ಹುಡುಗನಂತೂ ಕರೆದರೆ ತಿರುಗಿಯೂ ನೋಡಲ್ಲ, ಭಾರಿ ಹಟಮಾರಿ. ಏನು ಮಾಡಲಿ?”

ಅಕ್ಕೋರೇ, ಮಿಲ್ಲಿನ ಮಗ್ಗುಲಲ್ಲಿ ಕೂತ ಮಕ್ಕಳು ಒದರದೆ ಇನ್ನೇನು ಮಾಡ್ತಾರೆ? ನೀವೂ ಒದರಿಯೇ ಪಾಠ ಮಾಡ್ತಿರಬೇಕು, ಅಲ್ವಾ? ಸುತ್ತ ಗದ್ದಲ ಇದ್ದರೆ ನಮಗೇ ಗೊತ್ತಾಗದಂತೆ ದನಿ ಏರುತ್ತದೆ. ಫ್ರಾನ್ಸಿನ ಕಿವಿ ಡಾಕ್ಟರ್ ಎತಿಯೆನ್ ಲೊಂಬಾರ್ 1911ರಲ್ಲೇ ಇದನ್ನು ಬರೆದಿಟ್ಟರು. ಹಾಗಾಗಿ ಮಕ್ಕಳನ್ನು ಬೈಯಬೇಡಿ. ಈ ಪಾಠವನ್ನು ಬಾಯಿ ಮುಚ್ಚಿಸುವ ಉಪಾಯ ಮಾಡಿಕೊಂಡರೆ ಅಲ್ಲಿಗೆ ಅದು ಕೆಟ್ಟಿತು. ಜೋರು ಅಂದರೆ ತಪ್ಪು, ಮೆಲ್ಲಗೆ ಅಂದರೆ ಜಾಣತನ ಅಂತ ಮಕ್ಕಳು ಕಲಿತುಬಿಡುತ್ತಾರೆ, ಕಿವಿ ಮಾತ್ರ ಏನೂ ಕಲಿಯಲ್ಲ.

ಮಿಲ್ ನಿಂತಾಗ ಶುರು ಮಾಡಿ. ಕರೆಂಟ್ ಹೋದರೆ ಇನ್ನೂ ಒಳ್ಳೆಯದು, ನಮ್ಮ ಕಡೆ ಅದಕ್ಕೇನು ಬರ ಇಲ್ಲ! ಒಂದೇ ಥರದ, ಒಳಗೆ ಏನಿದೆ ಅಂತ ಕಾಣದ ಎರಡು ಡಬ್ಬಿ ತಗೊಳ್ಳಿ. ಒಂದರಲ್ಲಿ ಚೂರು ರವೆ, ಇನ್ನೊಂದರಲ್ಲಿ ಒಂದು ಹಿಡಿ ಶೇಂಗಾ. ಮುಚ್ಚಳಕ್ಕೆ ಗಟ್ಟಿಯಾಗಿ ಟೇಪ್ ಸುತ್ತಿ, ಇಲ್ಲದಿದ್ದರೆ ಶೇಂಗಾ ಯಾರದೋ ಮೂಗಿನಲ್ಲಿರುತ್ತದೆ. ಅಲ್ಲಾಡಿಸಿ, “ಇದು ಜೋರು, ಇದು ಮೆಲ್ಲಗೆ” ಅನ್ನಿ. ಅಷ್ಟೇ, ಭಾಷಣ ಬೇಡ. ಆಮೇಲೆ “ಜೋರಿನ ಡಬ್ಬಿ ಕೊಡು” ಅಂತ ಕೇಳಿ. “ಇದು ಯಾವುದು?” ಅನ್ನೋದು ಕೊನೆಗೆ. ನೀವು ಬಹುಶಃ ಈ ಕೊನೆಯ ಪ್ರಶ್ನೆಯನ್ನೇ ಮೊದಲು ಕೇಳುತ್ತಿದ್ದೀರಿ, ಅದಕ್ಕೇ ಎಲ್ಲದಕ್ಕೂ ‘ಜೋರು’ ಅನ್ನೋ ಉತ್ತರ ಬರ್ತಿದೆ.

ಇದು ನನ್ನ ತಲೆಯಿಂದ ಬಂದದ್ದಲ್ಲ. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸೋರಿ ಅವರ ಪದ್ಧತಿಯಲ್ಲಿ ಇಂಥ ಡಬ್ಬಿಗಳ ಆರು ಜೋಡಿ ಇರುತ್ತವೆ. ಮಗು ಅಲ್ಲಾಡಿಸಿ ಕೇಳಿ ಜೋಡಿ ಹುಡುಕಬೇಕು, ಅದು ಬಂದಮೇಲೆ ಜೋರಿನಿಂದ ಮೆಲ್ಲಗಿನದರವರೆಗೆ ಸಾಲಾಗಿ ಇಡಬೇಕು. ಅಂಗಡಿಯಲ್ಲಿ ಈ ಸಾಮಾನು ದುಬಾರಿ. ನಿಮಗೆ ಜೋಳ, ಅಕ್ಕಿ, ಹೆಸರುಕಾಳು ಸಾಕು. ಆದರೆ ಎರಡು ಡಬ್ಬಿ ಸರಿಯಾಗಿ ಗೊತ್ತಾಗುವ ತನಕ ಮೂರನೆಯದು ತರಬೇಡಿ.

ಕಣ್ಣಿಗೂ ತೋರಿಸಬಹುದು. ಊರಲ್ಲಿ ಬಾರಿಸುವ ಚರ್ಮದ ಹಲಗಿ ಸಿಕ್ಕರೆ ನೆಲದ ಮೇಲೆ ಮಲಗಿಸಿ ಮೇಲೆ ನಾಕು ಜೋಳದ ಕಾಳು ಹಾಕಿ. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಕಾಳು ಸುಮ್ನೆ ನಡುಗುತ್ತವೆ. ಜೋರಾಗಿ ಬಡಿದರೆ ಹಾರಿ ಕೆಳಗೆ ಬೀಳುತ್ತವೆ. ಚರ್ಮ ಎಷ್ಟು ಜಾಸ್ತಿ ಅದುರುತ್ತದೋ ಸಪ್ಪಳ ಅಷ್ಟು ಜೋರು ಅನ್ನೋದನ್ನು ಮಕ್ಕಳು ತಾವೇ ನೋಡುತ್ತಾರೆ. ಆಯ್ದುಕೊಳ್ಳುವ ಗದ್ದಲ ಆಗುತ್ತದೆ, ಆಗಲಿ ಬಿಡಿ.

ಒಂದು ಎಚ್ಚರ. ಹೋಲಿಸಿ ತೋರಿಸುವಾಗ ಸೊಳ್ಳೆ ಮತ್ತು ಎಮ್ಮೆಯ ದನಿ ತಗೊಳ್ಳಬೇಡಿ. ಸೊಳ್ಳೆಯದು ಕೀಚಲು, ಎಮ್ಮೆಯದು ದಪ್ಪ. ಕೀಚಲು-ದಪ್ಪದ ವ್ಯತ್ಯಾಸವೇ ಬೇರೆ, ಜೋರು-ಮೆಲ್ಲಗಿನದೇ ಬೇರೆ. ಮಗು ಎರಡನ್ನೂ ಕಲಸಿಬಿಡುತ್ತದೆ. ಒಂದೇ ತಟ್ಟೆ, ಒಂದೇ ಚಮಚ, ಬಡಿತ ಮಾತ್ರ ಬೇರೆ ಇರಲಿ.

ಇದೆಲ್ಲ ರೂಢಿಯಾದಮೇಲೆ ಬಾಯಿಯ ಸರದಿ. ನೀವು ಬಾಗಿಲಾಚೆ ನಿಂತು ಒಂದೊಂದೇ ಮಗುವಿನ ಹೆಸರನ್ನು ಪಿಸುಗುಟ್ಟಿ. ಕೇಳಿದವರು ಸಪ್ಪಳ ಮಾಡದೆ ಎದ್ದು ಬರಬೇಕು. ಇದೂ ಮಾಂಟೆಸ್ಸೋರಿ ಆಟವೇ. ಒದರುವ ಮಕ್ಕಳೇ ಈ ಆಟಕ್ಕೆ ಮೊದಲು ಮರುಳಾಗ್ತಾರೆ.

ಇನ್ನು ಆ ಹುಡುಗ. ಹಟಮಾರಿ ಅಂತ ಹಣೆಪಟ್ಟಿ ಹಚ್ಚುವ ಮೊದಲು ಅವನ ಬೆನ್ನ ಹಿಂದೆ ನಿಂತು, ಮುಖ ಕಾಣದಂತೆ, ಮಾಮೂಲಿ ದನಿಯಲ್ಲಿ ಕರೆದು ನೋಡಿ. ತಿರುಗದಿದ್ದರೆ ಡಾಕ್ಟರಿಗೆ ಕಿವಿ ತೋರಿಸಬೇಕು. ಕಿವಿಯ ಪರೀಕ್ಷೆ ನಮ್ಮ ಕೈಲಾಗುವಂಥದ್ದಲ್ಲ. ನೆಗಡಿ ಪದೇಪದೇ ಬರುವ ಮಕ್ಕಳಿಗೆ ಕಿವಿಯ ಪರದೆ ಹಿಂದೆ ನೀರು ತುಂಬಿ ಕೇಳೋದು ಕಡಿಮೆ ಆಗುವುದುಂಟು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು, ಆದರೆ ಅಲ್ಲಿವರೆಗೆ ಕಾಯುತ್ತ ಕೂರಬೇಡಿ, ಸರಕಾರಿ ಆಸ್ಪತ್ರೆಗೆ ಕಳಿಸಿ. ಅಲ್ಲಿಯತನಕ ಅವನನ್ನು ನಿಮ್ಮ ಹತ್ತಿರ, ಮಿಲ್ಲಿನ ಕಡೆಯ ಕಿಟಕಿಯಿಂದ ದೂರ ಕೂರಿಸಿ. ಮನೆಯವರು ಕಿವಿಗೆ ಬಿಸಿ ಎಣ್ಣೆ ಬಿಡ್ತೀವಿ ಅಂದರೆ ಖಡಾಖಂಡಿತ ಬೇಡ ಅನ್ನಿ.