ಟೊಂಗಾದ 2022: ಸ್ಫೋಟ ಮತ್ತು ಮೌನ

ಜ್ವಾಲಾಮುಖಿ ಅಷ್ಟು ಭೀಕರವಾಗಿ ಸಿಡಿದರೂ ದಕ್ಷಿಣ ಪೆಸಿಫಿಕ್‌ನ ದ್ವೀಪದೇಶವಾದ ಟೊಂಗಾದಲ್ಲಿ ಸತ್ತವರು ಬೆರಳೆಣಿಕೆಯಷ್ಟು ಮಂದಿ ಎಂದಮೇಲೆ, ಆ ದೇಶದ ಪಾಲಿಗೆ 2022 ಅಷ್ಟೊಂದು ದೊಡ್ಡ ವರ್ಷ ಹೇಗಾಯಿತು ಎಂದು ನೀವು ಕೇಳಿದ್ದೀರಿ. ಆಗ ಪ್ರೌಢಶಾಲೆಯಲ್ಲಿ ಭೂಗೋಳ ಪಾಠ ಮಾಡುತ್ತಿದ್ದ ನಾನು ಅಲ್ಲಿನ ಸುದ್ದಿಯನ್ನು ದಿನವೂ ಹುಡುಕಿ ಓದುತ್ತಿದ್ದೆ. ನನ್ನ ಮಟ್ಟಿಗೆ ಆ ವರ್ಷದ ಮುಖ್ಯ ಸಂಗತಿ ಸ್ಫೋಟಕ್ಕಿಂತಲೂ ಅದರ ಬೆನ್ನಿಗೇ ಕವಿದ ಮೌನ.

ಜನವರಿ 15ರ ಶನಿವಾರ ಸಂಜೆ, ಮುಖ್ಯ ದ್ವೀಪವಾದ ಟೊಂಗಟಾಪುವಿನಿಂದ ಉತ್ತರಕ್ಕೆ ಸುಮಾರು 65 ಕಿಲೋಮೀಟರ್ ದೂರದಲ್ಲಿ ಹುಂಗಾ ಟೊಂಗಾ–ಹುಂಗಾ ಹಾಪೈ ಎಂಬ ಕಡಲೊಳಗಿನ ಜ್ವಾಲಾಮುಖಿ ಸಿಡಿಯಿತು. ಬೂದಿಯ ಕಂಬ ಸುಮಾರು 57 ಕಿಲೋಮೀಟರ್ ಎತ್ತರಕ್ಕೆ ಏರಿತು. ನಮ್ಮ ಪಠ್ಯಪುಸ್ತಕಗಳು ಮಧ್ಯಂತರ ಮಂಡಲವೆಂದು ಕರೆಯುವ, ವಾತಾವರಣದ ಮೇಲಿನ ಪದರವನ್ನು ಜ್ವಾಲಾಮುಖಿಯೊಂದರ ಬೂದಿ ಮುಟ್ಟಿದ್ದು ದಾಖಲಾದದ್ದು ಅದೇ ಮೊದಲು. ಸುನಾಮಿ ಅಲೆಗೆ ಪೆಸಿಫಿಕ್‌ನ ಆಚೆ ದಡದ ಪೆರುವಿನಲ್ಲೂ ಇಬ್ಬರು ಮುಳುಗಿ ಸತ್ತರು. ಮಾಂಗೊ ಎಂಬ ಪುಟ್ಟ ದ್ವೀಪದಲ್ಲಿ ಒಂದು ಮನೆಯೂ ಉಳಿಯಲಿಲ್ಲ.

ಅದೇ ಹೊತ್ತಿಗೆ ಟೊಂಗಾವನ್ನು ಫಿಜಿಗೆ, ಆ ಮೂಲಕ ಲೋಕಕ್ಕೆ ಜೋಡಿಸಿದ್ದ 827 ಕಿಲೋಮೀಟರ್ ಉದ್ದದ, ಫೋನು-ಇಂಟರ್ನೆಟ್ ಸಾಗಿಸುವ ಒಂದೇ ಒಂದು ಸಮುದ್ರದಡಿಯ ಕೇಬಲ್ ತುಂಡಾಯಿತು. ಸುಮಾರು ಒಂದು ಲಕ್ಷ ಜನರ ಆ ದೇಶದಲ್ಲಿ ಮಕ್ಕಳೋ ಒಡಹುಟ್ಟಿದವರೋ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ದುಡಿಯದ ಕುಟುಂಬ ಸಿಗುವುದು ಕಷ್ಟ, ಮತ್ತು ಅವರು ಕಳಿಸುವ ಹಣವೇ ದೇಶದ ಆರ್ಥಿಕತೆಯ ಆಧಾರಸ್ತಂಭ. ತಾಯಿ ಬದುಕಿದ್ದಾಳೋ ಇಲ್ಲವೋ ಎಂದು ತಿಳಿಯದೆ ಆಕ್ಲೆಂಡಿನಲ್ಲಿ ದಿನಗಟ್ಟಲೆ ಫೋನು ಹಿಡಿದು ಕೂತವರ ಸಂಕಟಕ್ಕೆ ಸಾವಿನ ಅಂಕಿಯಲ್ಲಿ ಜಾಗವಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇರುವುದು ಇಲ್ಲಿಯೇ. ಉಪಗ್ರಹದ ಮೂಲಕ ಅಷ್ಟಿಷ್ಟು ಸಂಪರ್ಕ ಮರಳಿತಾದರೂ, ಕೇಬಲ್ ಸರಿಹೋಗಿ ಟೊಂಗಟಾಪುವಿಗೆ ಪೂರ್ಣ ಸಂಪರ್ಕ ಬಂದದ್ದು ಫೆಬ್ರವರಿ 22ರಂದು, ಅಂದರೆ ಐದು ವಾರಗಳ ಮೇಲೆ.

ಆ ಮೌನದ ನಡುವೆ ನನ್ನನ್ನು ಇಂದಿಗೂ ಕಲಕುವ ಇನ್ನೊಂದು ಮೌನವಿದೆ. ಅಟಾಟಾ ದ್ವೀಪದಲ್ಲಿ, ಸರಿಯಾಗಿ ನಡೆಯಲಾಗದ ಒಬ್ಬ ನಿವೃತ್ತ ಬಡಗಿಯನ್ನು ಅಲೆ ಎಳೆದೊಯ್ದಿತು. ಕತ್ತಲಲ್ಲಿ ದಡದಿಂದ ಮಗ ಕೂಗುವುದು ಅವರಿಗೆ ಕೇಳಿಸುತ್ತಿತ್ತು, ಆದರೆ ಓಗೊಟ್ಟರೆ ಮಗನೂ ನೀರಿಗೆ ಹಾರುತ್ತಾನೆಂದು ಬೇಕೆಂದೇ ಸುಮ್ಮನಿದ್ದರು. ದ್ವೀಪದಿಂದ ದ್ವೀಪಕ್ಕೆ ತೇಲುತ್ತ ಈಜುತ್ತ, ಒಂದು ಹಗಲು ಒಂದು ರಾತ್ರಿಗೂ ಮಿಕ್ಕ ಕಾಲದ ಬಳಿಕ ಮುಖ್ಯ ದ್ವೀಪದ ದಡ ಸೇರಿದರು.

ಹೊರಗಿನ ನೆರವು ಸುಲಭವಾಗಿ ಬರುವಂತಿರಲಿಲ್ಲ. ವಿಮಾನ ನಿಲ್ದಾಣದ ರನ್‌ವೇ ಮೇಲೆ ಕೂತ ಬೂದಿಯನ್ನು ಜನರು ಸಲಿಕೆ, ಕೈಗಾಡಿಗಳಿಂದ ತೆಗೆದ ಮೇಲೆ, ಜನವರಿ 20ಕ್ಕೆ ಮೊದಲ ವಿಮಾನಗಳು ಇಳಿದವು. ಮಳೆನೀರನ್ನೇ ಕುಡಿಯುವ ಊರುಗಳ ತೊಟ್ಟಿಗಳಲ್ಲೂ ಬೂದಿ ತುಂಬಿದ್ದರಿಂದ ಮೊದಲು ಬೇಕಾದದ್ದು ಕುಡಿಯುವ ನೀರು. ಆದರೆ ಟೊಂಗಾಕ್ಕೆ ಇನ್ನೊಂದು ಭಯವಿತ್ತು: ಅಲ್ಲಿಯವರೆಗೆ ಆ ದೇಶದಲ್ಲಿ ಪತ್ತೆಯಾಗಿದ್ದ ಕೋವಿಡ್ ಪ್ರಕರಣ ಒಂದೇ ಒಂದು, ಅದೂ 2021ರ ಅಕ್ಟೋಬರ್‌ನಲ್ಲಿ ಹೊರಗಿನಿಂದ ಬಂದ ಪ್ರಯಾಣಿಕರೊಬ್ಬರದು. ಹಾಗಾಗಿ ಸರಕನ್ನು ಯಾರೂ ಯಾರನ್ನೂ ಮುಟ್ಟದಂತೆ ಇಳಿಸಲಾಯಿತು. ಇಷ್ಟೆಲ್ಲ ಎಚ್ಚರ ವಹಿಸಿಯೂ ಫೆಬ್ರವರಿ 1ರಂದು ಇಬ್ಬರು ಬಂದರು ಕಾರ್ಮಿಕರಲ್ಲಿ ಸೋಂಕು ಕಂಡಿತು, ಮರುದಿನ ಸಂಜೆಯಿಂದ ದೇಶದಲ್ಲಿ ಲಾಕ್‌ಡೌನ್ ಜಾರಿಯಾಯಿತು. ಬೂದಿ ಗುಡಿಸಿ ಮುಗಿಯುವ ಮೊದಲೇ ಮನೆಯೊಳಗೆ ಕೂರಬೇಕಾಗಿ ಬಂದ ಆ ಜನರ ಸಹನೆಯನ್ನು ನಾನು ತುಂಬಾ ಗೌರವಿಸುತ್ತೇನೆ. ಗಡಿಗಳು ತೆರೆದದ್ದು ಆಗಸ್ಟ್‌ನಲ್ಲಿ.

ವಿಶ್ವಬ್ಯಾಂಕಿನ ಅಂದಾಜಿನಂತೆ ಸ್ಫೋಟ, ಸುನಾಮಿ ಮತ್ತು ಬೂದಿಯಿಂದಾದ ಹಾನಿ 9 ಕೋಟಿ ಡಾಲರ್, ಅಂದರೆ ದೇಶದ ವಾರ್ಷಿಕ ಒಟ್ಟು ಉತ್ಪನ್ನದ ಶೇ. 18.5ರಷ್ಟು. ಮಾಂಗೊ ದ್ವೀಪದವರು ತಮ್ಮ ನೆಲಕ್ಕೆ ಮರಳಲಾಗದೆ ಬೇರೆ ದ್ವೀಪದಲ್ಲಿ ಹೊಸ ಊರು ಕಟ್ಟಿಕೊಳ್ಳಬೇಕಾಯಿತು. ಉತ್ತರದ ದ್ವೀಪಗಳನ್ನು ಟೊಂಗಟಾಪುವಿಗೆ ಜೋಡಿಸುವ, ಸ್ಫೋಟದಲ್ಲೇ ತುಂಡಾಗಿದ್ದ ದೇಶದೊಳಗಿನ ಇನ್ನೊಂದು ಕೇಬಲ್ ಮಾತ್ರ ಆ ವರ್ಷ ಮುಗಿದರೂ ಕಡಲಡಿಯಲ್ಲಿ ಹಾಗೆಯೇ ಬಿದ್ದಿತ್ತು. ಅದು ಸರಿಹೋದದ್ದು 2023ರಲ್ಲಿ.