ಅಮ್ಮನಿಗೆ ಕಾಮಾಲೆಯಾಗಿದೆ: ನಾಟಿ ಮದ್ದು ಕೊಡಿಸಲೇ, ಆಸ್ಪತ್ರೆಗೆ ಕರೆದೊಯ್ಯಲೇ?

ನಾಟಿಯೋ ಆಸ್ಪತ್ರೆಯೋ ಎಂಬುದನ್ನು ಪಕ್ಕಕ್ಕಿಡಿ. ಕಾಮಾಲೆ ಏಕೆ ಬಂದಿದೆ ಎಂದು ಮೊದಲು ತಿಳಿದುಕೊಳ್ಳಿ. ಅದನ್ನು ವಿಚಾರಿಸದೆ ನಾವು ಅಪ್ಪನನ್ನೇ ಕಳೆದುಕೊಳ್ಳುವುದರಲ್ಲಿದ್ದೆವು.

ನಮ್ಮದು ಹೊಳಲ್ಕೆರೆ ಕಡೆಯ ಹಳ್ಳಿ. ಅಪ್ಪನ ಕಣ್ಣು ಹಳದಿಯಾದಾಗ ಪಕ್ಕದೂರಿನ ನಾಟಿ ವೈದ್ಯರ ಬಳಿಗೆ ಹೋದೆವು. ಹೊಲದ ಬದುವಿನಲ್ಲಿ ಕಿತ್ತ ನೆಲನೆಲ್ಲಿಯನ್ನು ಬೇರುಸಮೇತ ತೊಳೆದು, ನುಣ್ಣಗೆ ಅರೆದು, ಮೇಕೆ ಹಾಲಿನಲ್ಲಿ ಕದಡಿ, ಹೊತ್ತು ಮೂಡುವ ಮೊದಲೇ ಖಾಲಿ ಹೊಟ್ಟೆಗೆ ಕುಡಿಸಿದರು. ಎಣ್ಣೆ, ಖಾರ ಬಿಟ್ಟು ಮಜ್ಜಿಗೆ ಅನ್ನದ ಪಥ್ಯ. ಹಣ ಮುಟ್ಟಲಿಲ್ಲ, ಎಲೆ ಅಡಿಕೆ ಸಾಕೆಂದರು. ಅವರ ಮೇಲೆ ನನಗೆ ಇಂದಿಗೂ ಗೌರವವಿದೆ.

ತಪ್ಪು ನನ್ನದು. ಅಪ್ಪ ರಾತ್ರಿಯಿಡೀ ಮೈ ಕೆರೆದುಕೊಳ್ಳುತ್ತಿದ್ದರು. ಮೂತ್ರ ಕಡುಗಂದು, ಮಲ ಮಾತ್ರ ಸುಣ್ಣ ಕಲಸಿದ ಮಣ್ಣಿನಂತೆ ಬೆಳ್ಳಗೆ. ಮದ್ದು ಪಿತ್ತವನ್ನು ಹೊರಹಾಕುತ್ತಿದೆ ಎಂದು ನಾನೇ ಅರ್ಥ ಮಾಡಿಕೊಂಡೆ, ವೈದ್ಯರಿಗೂ ಹೇಳಲಿಲ್ಲ. ನಿಜ ಇದಕ್ಕೆ ತದ್ವಿರುದ್ಧ. ಮಲಕ್ಕೆ ಬಣ್ಣ ಬರುವುದೇ ಪಿತ್ತರಸದಿಂದ. ಅದು ಬಿಳುಚಿತೆಂದರೆ ಪಿತ್ತರಸ ಕರುಳಿಗೆ ಇಳಿಯುತ್ತಿಲ್ಲ, ದಾರಿ ಕಟ್ಟಿದೆ, ಆ ಬಣ್ಣವೆಲ್ಲ ರಕ್ತಕ್ಕೆ, ಮೂತ್ರಕ್ಕೆ ಸೇರುತ್ತಿದೆ. ಅಪ್ಪನ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಚಳಿಜ್ವರ ಬಂದು ಮಾತು ತೊದಲತೊಡಗಿದ ಮೇಲೆ ದಾವಣಗೆರೆಗೆ ಓಡಿದೆವು. ಎಂಡೋಸ್ಕೋಪಿ ಮಾಡಿ ಕಲ್ಲು ತೆಗೆದರು. ಅಷ್ಟರಲ್ಲಿ ಸೋಂಕು ರಕ್ತಕ್ಕೇರಿತ್ತು, ತೀವ್ರ ನಿಗಾ ಘಟಕದಲ್ಲಿಡಬೇಕಾಯಿತು. ಆ ವರ್ಷದ ಅಡಿಕೆ ಹಣವೆಲ್ಲ ಅಲ್ಲಿಗೇ ಹೋಯಿತು. ಯಾವ ಸೊಪ್ಪೂ ಆ ಕಲ್ಲನ್ನು ಕದಲಿಸುತ್ತಿರಲಿಲ್ಲ.

ಊರಿನಲ್ಲಿ ಎಷ್ಟೋ ಜನ ನಾಟಿ ಮದ್ದಿನಿಂದಲೇ ವಾಸಿಯಾಗಿದ್ದಾರೆ ಎಂದಿದ್ದೀರಿ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಎಂಬ ಲಿವರ್ ಸೋಂಕು ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಮದ್ದಿಗೆ ಬರುತ್ತದೆ. ನೆಲನೆಲ್ಲಿಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಹೆಪಟೈಟಿಸ್ ಬಿ ವೈರಾಣುವನ್ನು ಪತ್ತೆಹಚ್ಚಿ ನೊಬೆಲ್ ಪಡೆದ ಬ್ಲೂಮ್‌ಬರ್ಗ್ ಅವರೇ ಮದ್ರಾಸಿನ ಸಂಶೋಧಕರೊಡನೆ ಸೇರಿ ಅದನ್ನು ಪರೀಕ್ಷಿಸಿದರು. 1988ರಲ್ಲಿ ಪ್ರಕಟವಾದ ಫಲಿತಾಂಶ ಭರವಸೆ ಹುಟ್ಟಿಸಿತ್ತು. ಆಮೇಲೆ ಬೇರೆಯವರು ಮಾಡಿದ ಪರೀಕ್ಷೆಗಳಲ್ಲಿ ಅದೇ ಗುಣ ಕಾಣಲಿಲ್ಲ.

ನಾಳೆ ಬೆಳಿಗ್ಗೆಯೇ ಅಮ್ಮನಿಗೆ ಲಿವರ್ ಪರೀಕ್ಷೆ, ಹೆಪಟೈಟಿಸ್ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. ಮಲದ ಬಣ್ಣ ಕೇಳಲು ನಾಚಬೇಡಿ. ಈಗಾಗಲೇ ಏನಾದರೂ ಕುಡಿಸಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಚಳಿಜ್ವರ, ಮಂಪರು, ನಿಲ್ಲದ ವಾಂತಿ ಕಂಡರೆ ಬೆಳಗಾಗುವವರೆಗೂ ಕಾಯಬೇಡಿ. ಕೈಗೆ ಬರೆ ಹಾಕಿಸೋಣ ಎಂದು ಯಾರಾದರೂ ಬಂದರೆ, ಎಷ್ಟೇ ಹತ್ತಿರದ ನೆಂಟರಾಗಲಿ, ಬಾಗಿಲಲ್ಲೇ ತಡೆಯಿರಿ.