ನಿಮ್ಮ ಅಜ್ಜಿಗೆ ಗೊತ್ತಿತ್ತು

ಆತ್ಮೀಯರೇ, ನಮಸ್ಕಾರ.

ನಿಮ್ಮ ‘ಕಲೆ ಮತ್ತು ಬದುಕು’ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ತುಂಬಾ ಓದಿಕೊಂಡು ಬರೆದಿದ್ದೀರಿ. ಆದರೂ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ಎರಡು ಸಾಲಿನ ವಿಷಾದ ಪತ್ರ ಕಳಿಸಿ ಮುಗಿಸಬಹುದಿತ್ತು. ಆದರೆ ಮೂರನೇ ಪುಟದಲ್ಲಿ ನಿಮ್ಮ ಅಜ್ಜಿ ಬಂದರು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಭೀಮ್‌ಬೇಟ್ಕಾದ ಆದಿಮಾನವರ ಗುಹಾಚಿತ್ರಗಳಿಂದ ಹೊರಟು ಅರಿಸ್ಟಾಟಲ್, ಟಾಲ್‌ಸ್ಟಾಯ್, ಕಲಾಚಿಂತಕ ಆನಂದ ಕುಮಾರಸ್ವಾಮಿ ಎಲ್ಲರನ್ನೂ ಮಾತಾಡಿಸಿಕೊಂಡು ಬಂದಿದ್ದೀರಿ. ಕಲೆ ಮನುಷ್ಯನಿಗೆ ಯಾಕೆ ಬೇಕು ಅನ್ನುವ ನಿಮ್ಮ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿಲ್ಲ. ಮೂರನೇ ಪುಟದಲ್ಲಿ ಸಿಕ್ಕಿದೆ, ನೀವು ಅದನ್ನು ದಾಟಿ ಹೋಗಿದ್ದೀರಿ.

ಆ ಭಾಗ ಇಷ್ಟು. ಸಾಗರದ ಕಡೆಯ ನಿಮ್ಮ ಊರು. ಭೂಮಿ ಹುಣ್ಣಿಮೆ ಹತ್ತಿರ ಬಂದಿದೆ. ಅಜ್ಜಿ ಬಿದಿರಿನ ಬುಟ್ಟಿಗೆ ಸಗಣಿ ಸಾರಿಸುತ್ತಾರೆ, ಒಣಗಿದ ಮೇಲೆ ಕೆಮ್ಮಣ್ಣು ಬಳಿಯುತ್ತಾರೆ. ಅಕ್ಕಿ ನೆನೆಸಿ ಅರೆದ ಹಿಟ್ಟಿನಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಬಿಳಿ ಗೆರೆ ಎಳೆಯುತ್ತಾರೆ. ಭತ್ತದ ತೆನೆ, ಅಡಿಕೆ ಮರ, ಏಣಿ, ಗಾಡಿ. ಒಂದು ಕಡೆ ಗೆರೆ ಗೆರೆಗೆ ಕೂಡಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಅಷ್ಟು ಜಾಗಕ್ಕೆ ಮತ್ತೆ ಕೆಮ್ಮಣ್ಣು ಹಚ್ಚಿ, ಒಣಗುವ ತನಕ ಕಾದು, ಮತ್ತೆ ಎಳೆಯುತ್ತಾರೆ. ಇದನ್ನು ನೀವು ಕಣ್ಣಾರೆ ನೋಡಿದ್ದೀರಿ. ಓದುವಾಗ ನನಗೂ ಕಂಡಿತು.

ಅದರ ಕೆಳಗೇ ಈ ಸಾಲು: ‘ನನ್ನ ಅನಕ್ಷರಸ್ಥ ಅಜ್ಜಿ ತನಗೆ ಅರಿವಿಲ್ಲದೆಯೇ ದೊಡ್ಡ ಕಲಾವಿದೆಯಾಗಿದ್ದಳು.’

ನನಗೆ ಸಿಟ್ಟು ಬಂದಿದ್ದು ಇಲ್ಲಿ. ಅರಿವಿಲ್ಲದವರು ಗೆರೆ ಒರೆಸುತ್ತಾರಾ? ಅದು ಕೂಡಲಿಲ್ಲ ಅಂತ ಅವರಿಗೆ ಹೇಗೆ ಗೊತ್ತಾಯಿತು? ಎಲ್ಲಿಂದ ಹೊರಟು ಎಲ್ಲಿ ಮುಟ್ಟಬೇಕು ಅನ್ನುವ ಲೆಕ್ಕ ಅವರ ತಲೆಯಲ್ಲಿ ಸ್ಪಷ್ಟವಾಗಿತ್ತು. ಹಾಗೇ ಬಿಟ್ಟಿದ್ದರೆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಅವರಿಗೆ ಬಿಡಲು ಮನಸ್ಸಾಗಲಿಲ್ಲ. ಓದು ಬರಹ ಬಾರದೆ ಇರಬಹುದು, ಅದನ್ನು ಇಲ್ಲಿ ತರುವ ಅಗತ್ಯ ಏನಿತ್ತು? ಹಳ್ಳಿಯ ಹೆಂಗಸರ ಕೆಲಸವನ್ನು ಹೊಗಳುವಾಗಲೆಲ್ಲ ಓದಿದವರು ಹೀಗೆ ಬರೆಯುತ್ತಾರೆ. ಕೈಚಳಕ ಅವರಿಗೆ ಬಿಟ್ಟುಕೊಟ್ಟು ತಿಳುವಳಿಕೆಯನ್ನು ತಾವು ಇಟ್ಟುಕೊಳ್ಳುತ್ತಾರೆ.

ಮುಂದಿನ ಸಾಲು: ‘ಕಲೆಯೆಂದರೆ ಅಂತರಂಗದ ಅಭಿವ್ಯಕ್ತಿ, ಆ ಬುಟ್ಟಿಯ ಮೇಲೆ ಅಜ್ಜಿಯ ಅಂತರಂಗ ಅರಳಿತ್ತು.’ ನೋಡುತ್ತಾ ಕೂತಾಗ ನಿಮಗೆ ನಿಜವಾಗಿ ಹಾಗೆ ಅನ್ನಿಸಿತ್ತಾ? ಆ ಬುಟ್ಟಿ ಯಾರಿಗೆ ಅಂತ ಒಮ್ಮೆ ಯೋಚಿಸಿ. ಆಶ್ವಯುಜದ ಹುಣ್ಣಿಮೆಗೆ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಭೂಮಿ ಬಸುರಿ. ಅವಳಿಗೆ ಬಯಕೆ ಊಟ ಆಗಬೇಕು. ರಾತ್ರಿಯೆಲ್ಲ ಅಡುಗೆ ಮಾಡಿ, ಬುಟ್ಟಿಯಲ್ಲಿ ಹೊತ್ತು, ಗದ್ದೆಗೆ ಹೋಗಿ, ಬಂದು ಉಣ್ಣು ಅಂತ ಕರೆದು ಎರಚುತ್ತಾರೆ. ಬಸುರಿಗೆ ಊಟ ಒಯ್ಯುವ ಬುಟ್ಟಿ ಬೋಳಾಗಿದ್ದರೆ ಆಗುತ್ತದಾ? ನಿಮ್ಮ ಅಜ್ಜಿ ತಮ್ಮನ್ನು ತೋರಿಸಿಕೊಳ್ಳಲು ಕೂತಿರಲಿಲ್ಲ. ವರ್ಷವಿಡೀ ತಮಗೆ ಅನ್ನ ಹಾಕುವವಳಿಗೆ ಒಂದು ದಿನ ತಾವು ಅನ್ನ ಕೊಡುವಾಗ ಹೇಗೆ ಕೊಡಬೇಕೋ ಹಾಗೆ ಕೊಡಲು ಕೂತಿದ್ದರು. ಕಲೆ ಯಾಕೆ ಬೇಕು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಮನಸ್ಸಿಗೆ ದೊಡ್ಡದು ಅನ್ನಿಸಿದ್ದನ್ನು ಬರಿಗೈಯಲ್ಲಿ ಎದುರುಗೊಳ್ಳಲು ಮನುಷ್ಯರಿಗೆ ಆಗುವುದಿಲ್ಲ.

ಮೂರನೆಯದು: ‘ಹಬ್ಬ ಮುಗಿದರೆ ಬುಟ್ಟಿ ಅಟ್ಟ ಸೇರುತ್ತಿತ್ತು. ಬಳಕೆಯ ವಸ್ತುವಾಗಿಯೇ ಉಳಿದ ಅದು ಶುದ್ಧ ಕಲೆಯಾಗಲಿಲ್ಲ.’ ಹಿಂದಿನ ಪುಟದಲ್ಲೇ ಕುಮಾರಸ್ವಾಮಿಯವರ ಹೆಸರಿದೆ, ಅಲ್ವಾ? ಬಳಕೆಯ ವಸ್ತು ಬೇರೆ, ಕಲೆ ಬೇರೆ ಅನ್ನುವ ಮಾತನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ. 1908ರಲ್ಲೇ ಸಿಂಹಳದ ಕಸುಬುದಾರರ ಕೆಲಸದ ಬಗ್ಗೆ ದೊಡ್ಡ ಪುಸ್ತಕ ಬರೆದವರು ಅವರು. ಅವರನ್ನು ಕರೆದು ತಂದು ಈ ಸಾಲು ಬರೆಯಬಾರದಿತ್ತು. ಅಟ್ಟ ಸೇರಿದ ಬುಟ್ಟಿಗೆ ಮರುವರ್ಷ ಮತ್ತೆ ಕೆಮ್ಮಣ್ಣು ಬಳಿದು ಹೊಸದಾಗಿ ಬರೆಯುತ್ತಿದ್ದರು ಅಂತ ನೀವೇ ಹೇಳಿದ್ದೀರಿ. ಹಳೆಯ ಚಿತ್ತಾರ ತನ್ನ ಕೆಲಸ ಮುಗಿಸಿತ್ತು. ಇದರಲ್ಲಿ ಕನಿಕರ ಪಡುವಂಥದ್ದು ನನಗೆ ಏನೂ ಕಾಣುವುದಿಲ್ಲ.

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರಿದ್ದರು. ಯಾವ ಲೇಖನ ಕೊಟ್ಟರೂ ಮೊದಲು ಬಾಯಲ್ಲಿ ಹೇಳಿಸುತ್ತಿದ್ದರು. ‘ಯಾರು ಏನು ಮಾಡಿದರು? ಅಷ್ಟು ಹೇಳು, ಆಮೇಲೆ ನೋಡೋಣ’ ಎನ್ನುತ್ತಿದ್ದರು. ಒಮ್ಮೆ ಕರಾವಳಿಯ ಒಂದು ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಕಳಿಸಿದರು. ರಾಕ್ಷಸ ಪಾತ್ರದ ಬಣ್ಣದ ವೇಷದವರೊಬ್ಬರು ಕನ್ನಡಿ ಮುಂದೆ ಕೂತು ಚುಟ್ಟಿ ಇಡುತ್ತಿದ್ದರು. ಅಕ್ಕಿ ಹಿಟ್ಟು, ಸುಣ್ಣ ಕಲಸಿದ್ದನ್ನು ಕಡ್ಡಿಯಲ್ಲಿ ತೆಗೆದು ಕೆನ್ನೆಯ ಮೇಲೆ ಒಂದೊಂದೇ ಮುಳ್ಳು ಎಬ್ಬಿಸುತ್ತಿದ್ದರು. ಅವರ ಪ್ರವೇಶ ಬೆಳಗಿನ ಜಾವಕ್ಕೆ. ಎಡಗಡೆಯ ಸಾಲು ಬಲಕ್ಕೆ ಸರಿ ಬರಲಿಲ್ಲವೆಂದು ಅಷ್ಟನ್ನೂ ಕೆರೆದು ತೆಗೆದು ಮೊದಲಿಂದ ಶುರು ಮಾಡಿದರು. ಆಟದ ಹೊತ್ತಿಗೆ ಅಷ್ಟು ದೂರ ಕೂತವರಿಗೆ ಆ ವ್ಯತ್ಯಾಸ ಕಾಣುತ್ತಲೂ ಇರಲಿಲ್ಲವೇನೋ. ಆ ರಾತ್ರಿ ನೋಡಿದ್ದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನಿಮ್ಮ ಅಜ್ಜಿ ಗೆರೆ ಒರೆಸಿದ ಸಾಲು ಓದಿದಾಗ ಅದೇ ನೆನಪಾಯಿತು.

ಈಗ ಮಾಡಬೇಕಾದ್ದು: ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ನಾನು ಗುರುತು ಹಾಕಿದ ಮೂರು ಸಾಲನ್ನೂ ತೆಗೆಯಿರಿ. ಉಳಿದದ್ದು ಒಂದು ಪುಟವೂ ಆಗುವುದಿಲ್ಲ, ಪರವಾಗಿಲ್ಲ. ಆಮೇಲೆ ನಿಮ್ಮ ಅಮ್ಮನ ಹತ್ತಿರ ಕೂತು ಕೇಳಿ. ಅಜ್ಜಿಗೆ ಚಿತ್ತಾರ ಕಲಿಸಿದ್ದು ಯಾರು? ಮೊದಲ ಗೆರೆ ಎಲ್ಲಿಂದ ಶುರು ಮಾಡುತ್ತಿದ್ದರು? ಬುಟ್ಟಿ ಹೊತ್ತವರು ಗದ್ದೆಗೆ ಹೊರಟ ಮೇಲೆ ಅಜ್ಜಿ ಏನು ಮಾಡುತ್ತಿದ್ದರು? ಈಗ ಆ ಮನೆಯಲ್ಲಿ ಬುಟ್ಟಿ ಬರೆಯುವುದು ಯಾರು?

ಈ ವರ್ಷದ ಹುಣ್ಣಿಮೆಗೆ ಹದಿನೈದು ದಿನ ಮುಂಚೆ ನನ್ನ ಕೈಸೇರಿದರೆ ಸಾಕು, ಆ ವಾರದ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ